ಅಳಲಿಲ್ಲಿ ಕೂಸು

ಮೂವತ್ತೈದು ವರ್ಷ ನಾನು ಬನಹಟ್ಟಿಯ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿದೆ. ಕೆಂಪು ಪೆನ್ನು ಕೈಯಲ್ಲಿ ಇಲ್ಲದ ದಿನ ಏನೋ ಕಳೆದುಕೊಂಡಂತೆ ಅನಿಸುತ್ತಿತ್ತು. ಯಾರದಾದರೂ ಲಗ್ನಪತ್ರಿಕೆ ಬಂದರೆ ಮೊದಲು ಅದರಲ್ಲಿ ತಪ್ಪು ಹುಡುಕುತ್ತಿದ್ದೆ, ಆಮೇಲೆ ಮದುವೆ ಯಾರದು ಎಂದು ನೋಡುತ್ತಿದ್ದೆ. ಊರಿಗೆಲ್ಲ ನಾನು ತಾರಕ್ಕೋರು. ಅಂಗಡಿಯವರು ಬೋರ್ಡು ಬರೆಸುವ ಮೊದಲು ನನ್ನನ್ನು ಕೇಳಿ ಹೋಗುತ್ತಿದ್ದರು. ಕೇಳದೆ ಬರೆಸಿದವರಿಗೆ ನಾನೇ ಹೋಗಿ ತಪ್ಪು ಹೇಳಿ ಬರುತ್ತಿದ್ದೆ. ಇಂಥ ನಾನು ಒಂದೇ ಒಂದು ಅಕ್ಷರ ತಪ್ಪು ಮಾಡಿದೆ, ಆ ತಪ್ಪನ್ನು ನಲವತ್ತು ವರ್ಷ ಇಡೀ ಸಭೆಯಿಂದ ಹಾಡಿಸಿದೆ. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆ ತಪ್ಪನ್ನೇ ಹಿಡಿದುಕೊಂಡು ಸೊಸೆಯ ಬಾಯಿ ಮುಚ್ಚಿಸಿದೆ.

ನಮ್ಮದು ಸಣ್ಣ ಕ್ರೈಸ್ತ ಸಭೆ. ರಬಕವಿ, ಬನಹಟ್ಟಿ ಎರಡೂ ಊರು ಸೇರಿ ನಲವತ್ತು ಮನೆ ಆದರೆ ಹೆಚ್ಚು. ಅಜ್ಜಂದಿರೆಲ್ಲ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವರು. ಈಗಿನವರು ಬ್ಯಾಂಕು, ಶಾಲೆ, ಸಕ್ಕರೆ ಕಾರ್ಖಾನೆ ಎಂದು ಸಂಬಳದವರಾಗಿದ್ದಾರೆ. ನಮಗೆ ಒಂದು ಕ್ರಿಸ್ಮಸ್ ಹಾಡಿದೆ. ಬೇರೆ ಊರಿನ ಸಭೆಗಳಲ್ಲಿ ಅದಿಲ್ಲ. ಎಂಬತ್ತು ವರ್ಷದ ಹಿಂದೆ ಉಪದೇಶಿ ಮುದಕಪ್ಪನವರು ಕಟ್ಟಿದ್ದು. ಅವರು ವಾರವೆಲ್ಲ ನೇಯ್ದು ಭಾನುವಾರ ವಾಕ್ಯ ಹೇಳುತ್ತಿದ್ದ ಮನುಷ್ಯ. ಈ ಹಾಡು ಕೇಳಿದರೇನೇ ನಮ್ಮವರಿಗೆ ಹಬ್ಬ ಬಂದಂತೆ.

ತೊಟ್ಟಿಲು ಇಲ್ಲ, ಹಚ್ಚಡವಿಲ್ಲ,
ಗೋದಲಿ ಹುಲ್ಲೇ ಹಾಸು,
ಅಳಲಿಲ್ಲ ಕೂಸು, ಅಳಲಿಲ್ಲ ಕೂಸು.

ರಾಜರ ಊರಲಿ ಜಾಗವು ಇಲ್ಲ,
ಬಡವರ ಕೊಟ್ಟಿಗೆ ಲೇಸು,
ಅಳಲಿಲ್ಲ ಕೂಸು, ಅಳಲಿಲ್ಲ ಕೂಸು.

ನಾವು ಹೀಗೆ ಹಾಡುತ್ತಿದ್ದೆವು. ಪ್ರತಿ ಡಿಸೆಂಬರಿನಲ್ಲಿ ಸಂಡೇ ಸ್ಕೂಲಿನ ಮಕ್ಕಳನ್ನು ಕೂಡಿಸಿಕೊಂಡು ಇದರ ಅರ್ಥ ಹೇಳುವುದು ನನ್ನ ಪಾಲಿನ ಕೆಲಸ. ಕೊಟ್ಟಿಗೆಯಲ್ಲಿ ಚಳಿ, ಹುಲ್ಲು ಮೈಗೆ ಚುಚ್ಚುತ್ತದೆ, ದನದ ವಾಸನೆ, ಆದರೂ ನೋಡಿ, ದೇವರ ಕೂಸು ಅಳಲಿಲ್ಲ, ಎಲ್ಲ ನುಂಗಿಕೊಂಡಿತು. ನಿಮಗೋ, ಪೆನ್ಸಿಲ್ ಮುರಿದರೆ ಅಳು ಬರುತ್ತದೆ! ಮಕ್ಕಳು ತಲೆ ತಗ್ಗಿಸುತ್ತಿದ್ದವು. ನನಗೆ ಈ ಅರ್ಥ ಬಹಳ ಹಿಡಿಸಿತ್ತು. ನನ್ನ ಯಜಮಾನರು ತೀರಿಕೊಂಡ ನಾಲ್ಕನೆಯ ದಿನ ನಾನು ಶಾಲೆಗೆ ಹೋಗಿ ಹಾಜರಿ ಕರೆದವಳು. ಅತ್ತರೆ ಏನು ಬರುತ್ತದೆ ಎಂದು ಕೇಳುತ್ತಿದ್ದವಳು. ದೇವರೂ ನನ್ನ ಕಡೆಯೇ ಇದ್ದಾನೆ ಎಂದುಕೊಂಡಿದ್ದೆ.

ಶೀತಲ ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಯಿತು. ಲೋಕಾಪುರದ ಹುಡುಗಿ. ನನ್ನ ಮಗ ಅರುಣ ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದಾನೆ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಅವನ ಮುಖ ನೋಡಲಿಕ್ಕೂ ಅರ್ಜಿ ಹಾಕಬೇಕು. ಹಾಗಾಗಿ ಮನೆಯಲ್ಲಿ ನಾವಿಬ್ಬರೇ. ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು. “ಅತ್ತಿ, ನೀವ ಒಂದೀಟ ಬೈದಿಲ್ಲಂದ್ರ ಚಾ ಸಪ್ಪಗ ಆಗತೈತಿ ನೋಡ್ರಿ” ಅನ್ನುತ್ತಿದ್ದಳು. ಅವಳ ಕಂಠ ಬಂಗಾರದ್ದು. ಬಂದ ವರ್ಷದಿಂದಲೇ ನಮ್ಮ ಹಾಡಿನ ಮೊದಲ ಚರಣ ಅವಳೊಬ್ಬಳೇ ಹಾಡುವುದೆಂದು ಆಯಿತು.

ಹೋದ ಅಕ್ಟೋಬರ್ ಕೊನೆಗೆ ಅವಳಿಗೆ ದಿನ ತುಂಬಿದ್ದವು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, “ಅತ್ತಿ, ನಿನ್ನಿ ಸಂಜಿಯಿಂದ ಕೂಸು ಮಿಸುಕಾಡೇ ಇಲ್ರಿ” ಅಂದಳು. ಕಾರು ಮಾಡಿಕೊಂಡು ಜಮಖಂಡಿಯ ಆಸ್ಪತ್ರೆಗೆ ಓಡಿದೆವು, ಅರುಣನೂ ಕಾರ್ಖಾನೆಯಿಂದ ಅಲ್ಲಿಗೇ ಬಂದ. ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟು, ಇಟ್ಟ ಕಡೆ ಇಡದಂತೆ ಆಡಿಸಿ, ಎದೆಬಡಿತ ಇಲ್ಲ ಎಂದರು. ಕರುಳುಬಳ್ಳಿ ಕೊರಳಿಗೆ ಸುತ್ತಿತ್ತು. ಯಾರ ತಪ್ಪೂ ಇರಲಿಲ್ಲ. ಇದ್ದಿದ್ದರೆ ಬೈಯಲಿಕ್ಕಾದರೂ ನನಗೆ ಒಬ್ಬರು ಸಿಗುತ್ತಿದ್ದರು. ಆಪರೇಷನ್ ಮಾಡಿ ತೆಗೆದರು. ಹೆಣ್ಣು ಕೂಸು.

ನರ್ಸು ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದಳು. “ತಾಯಿಗೆ ಎಚ್ಚರ ಆಗೂತನ ಇಟಗೋಬಹುದ್ರಿ. ತೋರಸೂಣೇನ್ರಿ?” ಎಂದು ಕೇಳಿದಳು.

“ಬ್ಯಾಡ” ಅಂದೆ.

ಅರುಣನನ್ನು ಕೇಳಲಿಲ್ಲ, ಅವನು ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಶೀತಲಳನ್ನು ಕೇಳುವಂತೆಯೇ ಇರಲಿಲ್ಲ, ಅವಳಿಗೆ ಎಚ್ಚರವಿರಲಿಲ್ಲ. ಮುಖ ನೋಡಿದರೆ ಅದು ಕಣ್ಣೊಳಗೇ ಉಳಿಯುತ್ತದೆ, ನೋಡದಿದ್ದರೆ ಬೇಗ ಮರೆಯುತ್ತಾಳೆ ಎಂದು ನಾನೇ ಠರಾಯಿಸಿದೆ. ಕೂಸನ್ನು ಅರುಣನ ಕೈಗೆ ಕೊಡಿಸಿ ಬನಹಟ್ಟಿಗೆ ಕಳಿಸಿದೆ. ನಮ್ಮ ಸಭೆಯ ಸಮಾಧಿ ಜಾಗ ಕಾಯುವ ನಿಂಗಣ್ಣನಿಗೆ ಫೋನು ಹಚ್ಚಿ, ಕುಣಿ ತೋಡು ಎಂದೆ. ದೀಕ್ಷಾಸ್ನಾನ ಆಗದ ಕೂಸೆಂದು ಗಂಟೆ ಬಾರಿಸಲಿಲ್ಲ, ಹಾಡು ಹೇಳಲಿಲ್ಲ. ಮಧ್ಯಾಹ್ನ ನಾಲ್ಕರೊಳಗೆ ಎಲ್ಲ ಮುಗಿದಿತ್ತು.

ಸಂಜೆ ಶೀತಲ ಕಣ್ಣು ಬಿಟ್ಟಳು. ಪಕ್ಕದಲ್ಲಿ ಕೈಯಾಡಿಸಿದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಅವಳ ಬಾಯಿ ತೆರೆಯುತ್ತಿರುವುದನ್ನು ಕಂಡು ನಾನು ಬಗ್ಗಿ ಅವಳ ಹಣೆ ಒತ್ತಿ ಹಿಡಿದೆ. “ಅಳಬ್ಯಾಡ ಶೀತಲಾ, ಹೊಲಿಗಿ ಬಿಚ್ಚತಾವ. ದೇವರ ಕೂಸ ಸೈತ ಗೋದಲ್ಯಾಗ ಅಳಲಿಲ್ಲ. ನೀನ ಹಾಡತೀಯಲ್ಲವ್ವಾ.”

ಅವಳು ಬಾಯಿ ಮುಚ್ಚಿದಳು. ಮುಚ್ಚಿದ್ದು ಮುಚ್ಚಿದ್ದೇ.

ಮೂರನೆಯ ದಿನ ಎದೆಹಾಲು ಬಂತು. ಬಚ್ಚಲಿಗೆ ಹೋಗಿ ಕುಪ್ಪಸ ಹಿಂಡಿ, ಎದೆಗೆ ಬಟ್ಟೆ ಬಿಗಿದುಕೊಂಡು ಹೊರಗೆ ಬಂದಳು. ಅಳಲಿಲ್ಲ. ಕೂಸಿಗೆಂದು ಹೊಲಿದಿಟ್ಟ ಕುಂಚಿಗೆಗಳನ್ನು ತಾನೇ ಮಡಿಚಿ ಟ್ರಂಕಿಗೆ ಹಾಕಿದಳು. ಅಳಲಿಲ್ಲ. ಎರಡು ತಿಂಗಳು ನನ್ನ ಜೊತೆ ಒಂದು ಮಾತು ಆಡಲಿಲ್ಲ. ಚಹಾ ತಂದಿಡುತ್ತಿದ್ದಳು, ಕಸ ಹೊಡೆಯುತ್ತಿದ್ದಳು, ಕರೆದರೆ ಬಂದು ನಿಲ್ಲುತ್ತಿದ್ದಳು. ಮೊದಮೊದಲು, ಭೇಷ್, ಗಟ್ಟಿ ಹುಡುಗಿ ಅಂದುಕೊಂಡೆ. ಆಮೇಲೆ ನನಗೆ ಹೆದರಿಕೆ ಶುರುವಾಯಿತು. ಬೈದು ನೋಡಿದೆ. ರೊಟ್ಟಿ ಸೀದಿದೆ ಎಂದು ಸುಳ್ಳೇ ಬೈದೆ. ಅವಳು ಆ ರೊಟ್ಟಿ ತೆಗೆದುಕೊಂಡು ಹೋಗಿ ಬೇರೆ ತಂದಿಟ್ಟಳು.

ಡಿಸೆಂಬರಿನಲ್ಲಿ ಅರುಣ ಒಂದು ಮಾತು ಹೇಳಿದ. ಕ್ರಿಸ್ಮಸ್ ದಿನ ಅವನಿಗೆ ರಜೆ, ಅವತ್ತು ಮಧ್ಯಾಹ್ನ ಎರಡರ ಬಸ್ಸಿಗೆ ಶೀತಲಳನ್ನು ಲೋಕಾಪುರಕ್ಕೆ ಬಿಟ್ಟುಬರುತ್ತಾನಂತೆ. ಎಷ್ಟು ದಿನಕ್ಕೆ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ, “ಅವ್ವಾ, ಅಕಿಗೆ ನಿನ್ನ ಮುಂದ ಅಳಾಕ ಆಗವಲ್ದು. ತವರುಮನಿಯೊಳಗರೆ ಅಳಲಿ.” ಹೀಗೆ ಬಾಯಿ ಕಟ್ಟಿಕೊಂಡೇ ಹೋದರೆ ಅವಳು ಆ ಬಾಗಿಲಿಂದ ಮತ್ತೆ ಒಳಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೋಗುವ ಮೊದಲು ಒಮ್ಮೆ ನನ್ನೆದುರು ಬಾಯಿ ಬಿಡಲಿ, ಬೈದರೂ ಸರಿ, ಉಗುಳಿದರೂ ಸರಿ. ಅದೊಂದೇ ನನಗೆ ಬೇಕಾಗಿದ್ದದ್ದು.

ಬಾಯಿ ಬಿಡಿಸಲು ನನಗೆ ತೋಚಿದ ದಾರಿಯಾದರೂ ಎಂಥದು? ಹಾಡಿಸುವುದು! ನನ್ನ ಬುದ್ಧಿಗೆ ಏನು ಹೇಳಲಿ.

ಕ್ರಿಸ್ಮಸ್‌ಗೆ ಹತ್ತು ದಿನ ಮುಂಚಿನ ಭಾನುವಾರ ನಾವು ಮನೆಮನೆ ಹಾಡಲು ಹೊರಡುತ್ತೇವೆ. ಮೊದಲ ಮನೆ ಯಾವಾಗಲೂ ರಬಕವಿಯ ಅನಸವ್ವನದು. ಉಪದೇಶಿ ಮುದಕಪ್ಪನವರ ಮಗಳು, ತೊಂಬತ್ತು ದಾಟಿದ್ದಾಳೆ. ಸಂಜೆ ಬೇಗ ಮಲಗುತ್ತಾಳೆಂದು ಅವಳಲ್ಲಿಗೆ ಮಧ್ಯಾಹ್ನವೇ ಹೋಗುತ್ತೇವೆ. ಶೀತಲಳನ್ನು ಕೈಹಿಡಿದು ಎಳೆದುಕೊಂಡೇ ಹೋದೆ. ಆ ಓಣಿಯಲ್ಲಿ ಪವರ್‌ಲೂಮ್ ಸದ್ದಿಗೆ ಮಾತು ಕೇಳುವುದಿಲ್ಲ. ನಾವು ಬಂದದ್ದು ನೋಡಿ ಪಕ್ಕದ ಮನೆಯವರು ಮಗ್ಗ ನಿಲ್ಲಿಸಿದರು. ಅನಸವ್ವ ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಹನ್ನೆರಡು ಜನ ಅವಳ ಸುತ್ತ ನಿಂತೆವು. ಮೊದಲ ಚರಣ ಶೀತಲಳದು. ಶೀತಲ ಬಾಯಿ ತೆರೆಯಲಿಲ್ಲ.

“ಶುರು ಮಾಡ ಶೀತಲಾ” ಅಂದೆ. “ಎಲ್ಲಾರೂ ಕಾಯಾಕತ್ತಾರ.”

ಅವಳು ನೆಲ ನೋಡುತ್ತ ನಿಂತಳು. ಆಗ ಹೊರಸಿನ ಮೇಲಿಂದ ಅನಸವ್ವನೇ ಶುರು ಮಾಡಿದಳು. ಒಡಕು ದನಿ, ಬಾಯಲ್ಲಿ ಒಂದೂ ಹಲ್ಲಿಲ್ಲ. ತೊಟ್ಟಿಲು ಇಲ್ಲ, ಹಚ್ಚಡವಿಲ್ಲ, ಎಲ್ಲ ಸರಿಯಾಗಿ ಬಂತು. ಕೊನೆಗೆ “ಅಳಲಿಲ್ಲಿ ಕೂಸು, ಅಳಲಿಲ್ಲಿ ಕೂಸು” ಎಂದಳು. ಪ್ರತಿ ವರ್ಷ ಅವಳು ಹೀಗೇ ಅನ್ನುತ್ತಾಳೆ. ಬೊಚ್ಚು ಬಾಯಿ, ಉಚ್ಚಾರ ಜಾರುತ್ತದೆ ಎಂದು ನಾನು ಬಿಟ್ಟುಬಿಡುತ್ತಿದ್ದೆ. ಅವತ್ತು ನನ್ನ ತಲೆ ಕೆಟ್ಟಿತ್ತು. ಸೊಸೆಯ ಮೇಲಿನ ಸಿಟ್ಟು ಮುದುಕಿಯ ಮೇಲೆ ತಿರುಗಿತು.

“ಯವ್ವಾ, ಅಳಲಿಲ್ಲ ಅನ್ರಿ. ಅಳಲಿಲ್ಲಿ ಅಲ್ಲ.”

“ಅಳಲಿಲ್ಲಿ” ಅಂದಳು ಅನಸವ್ವ.

“ಅಳಲಿಲ್ಲ ರೀ! ಅರ್ಥ ಕೆಡತೈತಿ.”

“ಏನ್ ಬೇ ತಾರಾ, ನಮ್ಮಪ್ಪ ಕಟ್ಟಿದ ಹಾಡ ನೀ ನನಗ ಕಲಸ್ತೀ? ನಲವತ್ತ ವರ್ಷ ಆತು, ಹೋಗ್ಲಿ, ಸಾಲಿ ಕಲಿತಾಕಿ, ಅಕಿಗೆ ಗೊತ್ತಿರಬೇಕಂತ ನಾ ಸುಮ್ಮನ ಇದ್ನಿ. ಇವತ್ತ ನನ್ನ ಬಾಯಾಗಿನ ಮಾತಿಗೂ ಕೈ ಹಾಕಾಕತ್ತಿ?” ಆಮೇಲೆ ಶೀತಲಳ ಕಡೆ ಬೆರಳು ಮಾಡಿದಳು. “ಏ ತಂಗಿ, ಆ ಟ್ರಂಕಿನಾಗ ಕೆಂಪರಿವ್ಯಾಗ ಒಂದ ವಹಿ ಐತಿ. ತಗೊಂಡ ಬಾ.”

ಶೀತಲ ತಂದಳು. ಅಂಚೆಲ್ಲ ಉದುರುತ್ತಿದ್ದ ಹಳೆಯ ನೋಟುಬುಕ್ಕು. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ನಾನು ಹೊಸದಾಗಿ ನೌಕರಿಗೆ ಸೇರಿದಾಗ ಸಭೆಯ ಹಾಡುಗಳನ್ನೆಲ್ಲ ಸೈಕ್ಲೋಸ್ಟೈಲ್ ಮಾಡಿಸಿ ಪುಸ್ತಕ ಮಾಡಿದ್ದು ನಾನೇ, ಇದೇ ವಹಿ ನೋಡಿ ಸ್ಟೆನ್ಸಿಲ್ ಬರೆದದ್ದೂ ನಾನೇ. ಶೀತಲ ಪುಟ ತಿರುಗಿಸಿ, ಒಂದು ಕಡೆ ಬೆರಳಿಟ್ಟು, ನನ್ನ ಮುಂದೆ ಹಿಡಿದಳು.

ಮುದಕಪ್ಪನವರ ದುಂಡನೆಯ ಅಕ್ಷರದಲ್ಲಿ ‘ಅಳಲಿಲ್ಲಿ ಕೂಸು’ ಎಂದು ಬರೆದಿತ್ತು. ಕೊನೆಯ ‘ಲ್ಲಿ’ಯ ಗುಡಿಸಿನ ಮೇಲೆ ಕೆಂಪು ಶಾಯಿಯಲ್ಲಿ ಗೀರು. ಪಕ್ಕದಲ್ಲಿ ‘ಲ್ಲ’ ಎಂದು ತಿದ್ದಿ, ಕೆಳಗೆ ಗೆರೆ ಎಳೆದಿತ್ತು. ಆ ಗೆರೆ ಎಳೆಯುವ ಒತ್ತು ನನ್ನದು. ಹಳ್ಳಿಯ ನೇಕಾರ, ಕಾಗುಣಿತ ತಪ್ಪಿದ್ದಾನೆ ಎಂದು ಇಪ್ಪತ್ತೇಳು ವರ್ಷದ ತಾರಾ ಟೀಚರು ತಿದ್ದಿದ್ದಳು.

“ಬಿಡಿಸಿ ಓದ ಬೇ” ಅಂದಳು ಅನಸವ್ವ. “ಅಳಲಿ. ಇಲ್ಲಿ. ಇಲ್ಲಿ ಅಳಲಿ ಕೂಸು, ಅಂತ.”

ಅಳಲಿ, ಇಲ್ಲಿ. ಕೂಡಿಸಿದರೆ ಅಳಲಿಲ್ಲಿ. ಮೂವತ್ತೈದು ವರ್ಷ ಹಲಗೆಯ ಮೇಲೆ ಲೋಪಸಂಧಿ ಬರೆದು ಮಕ್ಕಳ ಕಿವಿ ಹಿಂಡಿದವಳು ನಾನು. ರಾಜರ ಊರಲ್ಲಿ ಜಾಗ ಇಲ್ಲ, ಬಡವರ ಕೊಟ್ಟಿಗೆ ಲೇಸು, ಅಳುವುದಾದರೆ ಇಲ್ಲಿ ಅಳಲಿ ಎಂದು ಆ ಮನುಷ್ಯ ಬರೆದಿದ್ದ. ಓದಿದರೆ ಮಗುವಿಗೂ ತಿಳಿಯುವಂತಿತ್ತು.

ಅನಸವ್ವ ನನ್ನ ಕಡೆ ನೋಡಲೇ ಇಲ್ಲ. ಶೀತಲಳ ಕೈ ಹಿಡಿದು ಹೊರಸಿನ ಮೇಲೆ ಕೂರಿಸಿಕೊಂಡು ಅವಳಿಗೆ ಹೇಳತೊಡಗಿದಳು. “ನನಗ ಒಂಬತ್ತ ವರ್ಷ ಇರಬೇಕ ನೋಡ ತಂಗಿ. ನಮ್ಮವ್ವ ಇದ ಮನ್ಯಾಗ ಹಡದ್ಲು. ಗಂಡ ಕೂಸು. ಸೂಲಗಿತ್ತಿ ಕಾಲ ಹಿಡದ ತಲಿಕೆಳಗ ಮಾಡಿದ್ಲು, ಅಂಗಾಲಿಗೆ ಬಡದ್ಲು, ಬೆನ್ನಿಗೆ ಬಡದ್ಲು. ಅಳಲಿಲ್ಲ. ನಮ್ಮಪ್ಪ ಅಲ್ಲೇ ಮಗ್ಗದ ಕುಣಿ ದಂಡಿಗೆ ಕುಂತ, ಅಳಲಿ ಯಪ್ಪಾ, ಒಮ್ಮಿ ಅಳಲಿ, ಇಲ್ಲಿ ಅಳಲಿ ಅಂತ ಬಡಬಡಸ್ತಿದ್ದ. ಅದು ಅಳಲಿಲ್ಲ. ಹುಟ್ಟಿದ ಕೂಸು ಅಳಲಿಲ್ಲಂದ್ರ ಏನಂತ ಹೆಣ್ಣಮಕ್ಕಳಿಗೆ ಗೊತ್ತಿಲ್ಲೇನ? ಆ ವರ್ಷದ ಹಬ್ಬಕ್ಕ ಈ ಹಾಡ ಕಟ್ಟಿದ. ಏನಪ್ಪಾ ಇದರ ಅರ್ಥ ಅಂತ ನಾ ಕೇಳಿದ್ನಿ. ಅಂವ ಅಂದ, ಮರಿಯವ್ವನೂ ಆ ಕೊಟ್ಟಿಗ್ಯಾಗ ಉಸರ ಹಿಡದ ಕಾದಿರ್ತಾಳ. ಕೂಸು ಅತ್ತಿದ್ದಕ್ಕ ಅಕಿಗೆ ಜೀವ ಬಂದಿರತೈತಿ. ದೇವರು ನಮ್ಮ ನಡಬರಕ ಬಂದ ಮೊದಲ ಆಡಿದ ಮಾತ ಯಾವದು? ಅಳು. ಅಳೂ ಮಂದಿ ಇರೂ ಜಾಗಾ ಹುಡಿಕ್ಕೊಂಡ ಬಂದು ಅತ್ತ. ಇನ್ನ ಯಾರೂ ಒಬ್ಬೊಬ್ಬರ ಅಳಬಾರದಂತ. ನಮ್ಮ ಮನ್ಯಾಗ ಅಳದ ಹೋದ ಕೂಸಿನ ಅಳುನೂ ಅದರಾಗ ಐತಿ ಅಂದ.”

ಶೀತಲ ಮುದುಕಿಯ ಕೈಯಲ್ಲಿ ಕೈಯಿಟ್ಟು ಕುಳಿತಿದ್ದಳು. ಒಮ್ಮೆ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದಳು. ಆಸ್ಪತ್ರೆಯಲ್ಲಿ ನಾನು ಹೇಳಿದ ಮಾತು ಅವಳ ಕಣ್ಣಲ್ಲಿ ಹಾಗೆಯೇ ಇತ್ತು. ಅವತ್ತು ಹಾಡು ಮುಂದುವರಿಯಲಿಲ್ಲ. ಮಗ್ಗ ಶುರುವಾದವು, ನಾವು ಎದ್ದೆವು.

ಆಟೋದಲ್ಲಿ ಪಕ್ಕಪಕ್ಕ ಕುಳಿತಾಗ ತಪ್ಪಾಯಿತು ಎಂದು ಹೇಳಬೇಕೆಂದು ಬಾಯಿ ತೆರೆದೆ. “ಹಾಡ ತಪ್ಪ ಆಗಿತ್ತ ನೋಡ” ಎಂಬ ಮಾತು ಬಂತು. ನೋಡಿ ನನ್ನ ನಾಲಿಗೆ! ತಪ್ಪು ಹಾಡಿನದಂತೆ. ಶೀತಲ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ ಕುಳಿತಳು.

ಮರುದಿನವೇ ಪಾಸ್ಟರ ಹತ್ತಿರ ಹೋಗಿ, ಹಬ್ಬದ ದಿನ ಸಭೆಯ ಮುಂದೆ ತಪ್ಪು ಒಪ್ಪಿಕೊಳ್ಳುತ್ತೇನೆ, ಹಾಡು ತಿದ್ದಿಸುತ್ತೇನೆ ಅಂದೆ. ವಯಸ್ಸಿನ್ನೂ ಮೂವತ್ತೆರಡು, ನನ್ನನ್ನು ಕಂಡರೆ ಅವರಿಗೆ ಹೆದರಿಕೆ. “ಅಕ್ಕೋರ, ಹಾಳಿ ಪ್ರಿಂಟ್ ಆಗ್ಯಾವ್ರಿ” ಅಂದರು. “ಮಂದಿಗೆ ರೂಢಿ ಆಗೇತಿ. ಅಳಲಿಲ್ಲ ಅಂದ್ರೂ ಅರ್ಥ ಛಲೋನ ಐತಲ್ರಿ. ಸಹನೆ, ಶಾಂತಿ…”

“ಸಹನೆ ಅಂತ ಸಹನೆ!” ಅಂದೆ. “ಆ ಸಹನೆ ನನ್ನ ಮನ್ಯಾಗ ಎರಡ ತಿಂಗಳಿಂದ ಕಸಾ ಹೊಡ್ಯಾಕತ್ತೇತಿ, ಬಂದ ನೋಡ್ರಿ.” ಪಾಸ್ಟರು ಡೈರಿ ತೆಗೆದು ಹಬ್ಬದ ದಿನಕ್ಕೆ ನನ್ನ ಹೆಸರು ಬರೆದುಕೊಂಡರು.

ಕ್ರಿಸ್ಮಸ್ ಬೆಳಿಗ್ಗೆ ಅರುಣ ಸ್ನಾನ ಮಾಡಿ ಸಿದ್ಧನಾದ. ಶೀತಲಳ ಬ್ಯಾಗು ಬಾಗಿಲ ಹತ್ತಿರ ಬಂದು ಕುಳಿತಿತ್ತು. “ನಾವ ಹೋಗೂಣ ನಡಿ ಅವ್ವಾ, ಅಕಿ ಹಿಂದಿನಿಂದ ಬರ್ತಾಳಂತ” ಅಂದ ಅರುಣ. ನಮ್ಮ ಸಭೆಯ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀಳಗಿ, ಮುಧೋಳದಿಂದಲೂ ನಮ್ಮವರು ಬಂದಿದ್ದರು. ಪಾಸ್ಟರ ಪ್ರಸಂಗ ಮುಗಿದ ಮೇಲೆ ನಾನು ಎದ್ದು ಮುಂದೆ ಹೋದೆ. ಎಲ್ಲ ಹೇಳಿದೆ. ವಹಿ ಹೇಳಿದೆ, ಕೆಂಪು ಶಾಯಿ ಹೇಳಿದೆ, ಮುದಕಪ್ಪನವರ ಕೂಸಿನ ಮಾತು ಹೇಳಿದೆ. ಕೊನೆಗೆ, “ನಮ್ಮ ಮನ್ಯಾಗ ಒಂದ ಕೂಸು ಹೋತು. ತಾಯಿಗೆ ಅಳಬ್ಯಾಡ ಅಂದ್ನಿ. ಈ ಹಾಡಿನ ಮ್ಯಾಲೆ ಆಣಿ ಇಟ್ಟಂಗ ಹೇಳಿದ್ನಿ. ನಾ ತಪ್ಪ ಮಾಡೇನಿ” ಅಂದೆ. ಹೇಳುತ್ತ ಬಾಗಿಲ ಕಡೆ ನೋಡಿದೆ, ಬೆಂಚುಗಳ ಸಾಲು ಸಾಲು ಹುಡುಕಿದೆ. ಯಾರಿಗೆ ಹೇಳಬೇಕಾಗಿತ್ತೋ ಅವಳು ಬಂದೇ ಇರಲಿಲ್ಲ.

“ಇರ್ಲಿ ಬಿಡ್ರಿ ಅಕ್ಕೋರ, ಹಬ್ಬದ ದಿನ” ಎಂದು ಯಾರೋ ಹಿರಿಯರು ಸಮಾಧಾನ ಹೇಳಿದರು. ಹಾಡು ಶುರುವಾಯಿತು. ನಾಲ್ಕು ಜನ ‘ಅಳಲಿಲ್ಲಿ’ ಅಂದರು, ಉಳಿದವರ ಬಾಯಿಗೆ ರೂಢಿಯಂತೆ ‘ಅಳಲಿಲ್ಲ’ ಬಂತು. ನಲವತ್ತು ವರ್ಷ ನಾನು ಚೆನ್ನಾಗಿಯೇ ಕಲಿಸಿದ್ದೆ. ಹಾಡು ಮುಗಿಯುವ ತನಕ ನಿಲ್ಲದೆ ಹೊರಗೆ ಬಂದೆ.

ಮನೆಗೆ ಬಂದು ನೋಡಿದರೆ ಬ್ಯಾಗು ಇತ್ತು, ಶೀತಲ ಇರಲಿಲ್ಲ. ಎಲ್ಲಿಗೆ ಹೋಗಿರಬೇಕೆಂದು ನನಗೆ ತಟ್ಟನೆ ಹೊಳೆಯಿತು, ಯಾಕೆಂದರೆ ಎರಡು ತಿಂಗಳಿಂದ ನಾನು ಆ ರಸ್ತೆಯನ್ನೇ ತಪ್ಪಿಸಿ ಓಡಾಡುತ್ತಿದ್ದೆ.

ನಮ್ಮ ಸಮಾಧಿ ಜಾಗ ಜಮಖಂಡಿ ರಸ್ತೆಗೆ ಹತ್ತಿಕೊಂಡಿದೆ. ಹಬ್ಬದ ದಿನ ಎಲ್ಲರೂ ತಮ್ಮ ತಮ್ಮವರ ಗೋರಿಗೆ ಹೂವು ಇಡಲು ಬರುತ್ತಾರೆಂದು ನಿಂಗಣ್ಣ ಬೆಳಿಗ್ಗೆಯಿಂದ ಕಸ ಕಿತ್ತು ಸುಣ್ಣ ಬಳಿಯುತ್ತಿದ್ದ. ಈ ನಿಂಗಣ್ಣ ನನ್ನ ಶಿಷ್ಯನೇ. ಮೂರನೇ ಇಯತ್ತೆಯಲ್ಲಿ ಎರಡು ಸಲ ನಪಾಸಾಗಿ ಶಾಲೆ ಬಿಟ್ಟವನು. ಶಾಲೆಯಲ್ಲಿದ್ದಷ್ಟು ದಿನ ಒಳಗೆ ಕೂತದ್ದಕ್ಕಿಂತ ಬಾಗಿಲ ಹೊರಗೆ ನಿಂತದ್ದೇ ಹೆಚ್ಚು, ನಿಲ್ಲಿಸಿದವಳು ನಾನು. ಶೀತಲ ಹಿಂದಿನ ಗೋಡೆಯ ಹತ್ತಿರ ಬೇವಿನ ಗಿಡದ ಕೆಳಗೆ ಕುಳಿತಿದ್ದಳು. ಅಲ್ಲಿ ಗೇಣು ಗೇಣು ಎತ್ತರದ ಸಣ್ಣ ದಿಬ್ಬಗಳ ಒಂದು ಸಾಲಿದೆ. ಶಿಲುಬೆ ಇಲ್ಲ, ಹೆಸರಿಲ್ಲ. ಯಾವುದು ನಮ್ಮದೆಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ನಿಂಗಣ್ಣ ತೋರಿಸಿದ್ದ.

ನಾನು ಹತ್ತಿರ ಹೋಗಿ ನಿಂತೆ. ಅವಳೇ ತಲೆಯೆತ್ತಿದಳು.

“ಅತ್ತಿ, ಯಾರ ಹಂಗ ಇದ್ಲ್ರಿ?”

ಎರಡು ತಿಂಗಳಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು. ನನಗೆ ಉತ್ತರ ಬಾಯ ತುದಿಗೇ ಬಂತು: ನಿನ್ನ ಹಂಗ ಇದ್ಲವ್ವಾ, ಥೇಟ್ ನಿನ್ನ ಹಂಗ. ಹೇಳಿಬಿಟ್ಟಿದ್ದರೆ ಅವಳು ನಂಬುತ್ತಿದ್ದಳು. ಆದರೆ ಅವಳು ಹಾಗೆ ನೋಡುತ್ತಿರುವಾಗ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

“ನಾ ನೋಡಲಿಲ್ಲ ಶೀತಲಾ” ಅಂದೆ. “ನರ್ಸು ಅರಿವಿ ಸರಸಾಕ ಬಂದ್ಲು. ನಾ ಮಾರಿ ತಿರುವಿಬಿಟ್ನಿ.”

“ಇವರು?”

“ಅಂವನೂ ನೋಡಿಲ್ಲವ್ವಾ.”

“ಹಂಗಾರ ಯಾರೂ ನೋಡಲಿಲ್ಲೇನ್ರಿ?” ಅವಳ ದನಿ ಏರಿತು. “ಒಂಬತ್ತ ತಿಂಗಳ ಹೊತ್ತೇನ್ರೀ ನಾ! ನನಗ ತೋರಸಬ್ಯಾಡ ಅಂದ್ರಿ, ನೀವರೆ ನೋಡಬೇಕಿಲ್ರಿ? ನನ್ನ ಮಗಳ ಮಾರಿ ಒಬ್ಬರೂ ನೋಡಲಿಲ್ಲ?”

ಸುಣ್ಣದ ಕುಂಚ ಕೈಯಲ್ಲಿ ಹಿಡಿದುಕೊಂಡೇ ನಿಂಗಣ್ಣ ಎದ್ದು ಬಂದ.

“ನಾ ನೋಡೇನಿ ತಂಗಿ” ಅಂದ.

ಇಬ್ಬರೂ ಅವನ ಕಡೆ ತಿರುಗಿದೆವು. “ಅರುಣಣ್ಣ ಗಂಟ ನನ್ನ ಕೈಯಾಗ ಕೊಟ್ಟ ಗೇಟಿನ ಕಡೆ ಹೋಗಿ ನಿಂತ್ರು. ನನಗ ಮನಸ್ಸ ತಡೀಲಿಲ್ಲ. ಯಾರೂ ನೋಡದ ಒಂದ ಜೀವ ಮಣ್ಣಿಗೆ ಹೋಗಬಾರದಲ್ರಿ, ಅಕ್ಕೋರ. ಅರಿವಿ ಸರಸಿದ್ನಿ. ತಲಿ ತುಂಬ ಕೂದಲ ಇದ್ದೂ ತಂಗಿ, ಕರ್ರಗ. ಹುಬ್ಬ ಬರದಂಗ ಇದ್ದೂ. ಒಂದ ಕೈ ಮುಷ್ಟಿ ಮಾಡಿ ಗದ್ದಕ್ಕ ಹಚ್ಚಿಕೊಂಡಿದ್ಲು. ಇಲ್ಲೀತನ ಬಂದೀಯವ್ವಾ, ಮಲಕ್ಕೋ ಅಂತ ಹೇಳಿ, ಒಂದ ಸ್ವಲ್ಪ ಕುಂತ, ಆಮ್ಯಾಲ ಮುಚ್ಚಿದ್ನಿ.”

“ಯಾರ ಹಂಗ ಇದ್ಲೋ ಅಣ್ಣಾ?”

ನಿಂಗಣ್ಣ ನನ್ನ ಕಡೆ ನೋಡಿದ. ಹೇಳಲೋ ಬೇಡವೋ ಎಂದು ಅನುಮಾನಿಸಿ, ಕುಂಚ ಕೆಳಗಿಟ್ಟ. “ಸಿಟ್ಟ ಆಗಬ್ಯಾಡ್ರಿ ಅಕ್ಕೋರ. ನಿಮ್ಮ ಹಂಗ ಇದ್ಲ್ರಿ. ಈ ಕೆಳಗಿನ ತುಟಿ ಥೇಟ್ ನಿಮ್ಮದ. ಸಾಲ್ಯಾಗ ನನ್ನ ಹೊರಗ ನಿಂದರಸೂ ಮುಂದ ಹಿಂಗ ಮುಂದ ಬರ್ತಿತ್ತಲ್ರಿ, ಹಂಗ. ಯಾರ ಮ್ಯಾಲೋ ಸಿಟ್ಟ ಬಂದಂಗ ಇತ್ತ ಕೂಸು.”

ನಾನು ಅಲ್ಲೇ ಮಣ್ಣಿನಲ್ಲಿ ಕುಳಿತೆ. ನಾನು ಮುಖ ತಿರುಗಿಸಿದ್ದು ನನ್ನದೇ ಮುಖದಿಂದ. ಅರವತ್ತೇಳು ವರ್ಷದಲ್ಲಿ ನನ್ನ ಹಾಗೆ ಇದ್ದ ಒಂದೇ ಒಂದು ಜೀವ ಬಂದು, ಅರ್ಧ ದಿನ ಬಟ್ಟೆಯೊಳಗೆ ನನ್ನನ್ನು ಕಾದು, ಹೋಗಿಬಿಟ್ಟಿತ್ತು. ಗಂಡ ಸತ್ತಾಗ ಬಾರದ ಅಳು ಹೊಟ್ಟೆಯಿಂದ ಎದ್ದು ಬಂತು. ನಾನು ಸೆರಗು ಎತ್ತಿ ಮುಖ ಮುಚ್ಚಿಕೊಳ್ಳಲು ಹೋದೆ.

ಶೀತಲ ನನ್ನ ಕೈ ಹಿಡಿದು ಸೆರಗು ಕೆಳಗಿಳಿಸಿದಳು. ಮೊಣಕಾಲ ಮೇಲೆ ಹತ್ತಿರ ಸರಿದು, ಎರಡು ಕೈಯಲ್ಲೂ ನನ್ನ ಕೆನ್ನೆ ಹಿಡಿದು, ಮುಖವನ್ನು ಬೆಳಕಿನ ಕಡೆ ತಿರುಗಿಸಿಕೊಂಡು ನೋಡಿದಳು. ಹೆಬ್ಬೆರಳಿನಿಂದ ನನ್ನ ಕೆಳತುಟಿ ಮುಟ್ಟಿದಳು. ಅಲ್ಲಿಂದ ಅವಳ ಅಳು ಶುರುವಾಯಿತು. ಎರಡು ತಿಂಗಳ ಅಳು. ರಸ್ತೆಯ ಮೇಲೆ ಹೋಗುವವರು ಬೈಕು ನಿಲ್ಲಿಸಿ ನೋಡುವಂಥದು. ಅರುಣ ಹುಡುಕುತ್ತ ಬಂದು ಗೇಟಿನಲ್ಲೇ ನಿಂತ. ಲೋಕಾಪುರದ ಬಸ್ಸಿನ ಹೊತ್ತು ಬಂದು ದಾಟಿತು, ಯಾರೂ ಅದರ ಮಾತು ಎತ್ತಲಿಲ್ಲ. ಅಳುತ್ತ ಅಳುತ್ತ ಅವಳು ನೋಡುತ್ತಲೇ ಇದ್ದಳು. ನನ್ನ ತುಟಿ ನಡುಗುತ್ತಿತ್ತು, ಕುತ್ತಿಗೆ ಹಿಡಿದಿತ್ತು, ಮೂಗು ಸೋರುತ್ತಿತ್ತು. ಅವಳು ನೋಡಿ ಮುಗಿಸುವ ತನಕ ನಾನು ಮುಖ ತಿರುಗಿಸಲಿಲ್ಲ.